ಹೀರೆಕಾಯಿ ಎಲ್ಲಿ ಹೋಯ್ತು ಕೂಸೇ?

ಸೋದರಿಯರೇ, ಈ ಸಲ ನಿಮ್ಮನ್ನು ಸಾಗರದ ಕಡೆ ಕರೆದುಕೊಂಡು ಹೋಗುತ್ತೇನೆ. ಸಾಗರ ಅಂದಕೂಡಲೇ 'ಓ, ಜೋಗ ನೋಡೋಕೆ ಹೋಗಿದ್ರಾ?' ಅಂತ ಕೇಳುತ್ತೀರಿ. ಇಲ್ಲ. ಸಾಗರ ಪೇಟೆಯಿಂದ ಜೋಗ ಮೂವತ್ತು ಕಿಲೋಮೀಟರ್ ಆಸುಪಾಸು. ಮಳೆಗಾಲದಲ್ಲಿ ಜನ ಎಲ್ಲೆಲ್ಲಿಂದಲೋ ಬಂದು ನೋಡಿ ಹೋಗುತ್ತಾರೆ. ನಾನು ಹದಿನೈದು ದಿನ ಇದ್ದೂ ಆ ಕಡೆ ತಲೆ ಹಾಕಲಿಲ್ಲ. ನಾನು ನೋಡಿದ್ದೆಲ್ಲ ಒಂದು ಮನೆಯ ಹಿಂಬಾಗಿಲಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿರುವ ಹಿತ್ತಲು. ಆದರೂ ಇಷ್ಟು ವರ್ಷದಲ್ಲಿ ನಾನು ಮಾಡಿದ ಪ್ರವಾಸಗಳಲ್ಲೆಲ್ಲ ಇದೇ ದೊಡ್ಡದು ಅಂತ ನನಗನ್ನಿಸಿದೆ. ಯಾಕೆ ಅಂತ ಹೇಳುತ್ತೇನೆ, ಕೇಳಿ.

2024ರ ಜುಲೈ ಕೊನೆಯಲ್ಲಿ ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಅಂಗಳದ ಪಾಚಿಯ ಮೇಲೆ ಕಾಲು ಜಾರಿ ಬಿದ್ದಳು. ಮಲೆನಾಡಿನ ಮಳೆಗಾಲ ಗೊತ್ತಲ್ಲ, ಅಂಗಳವೆಲ್ಲ ಸೋಪು ಹಚ್ಚಿದ ಹಾಗೆ ಆಗಿರುತ್ತದೆ. ಜಾರಬಾರದು ಅಂತ ಅಡಿಕೆ ಮರ ಸೀಳಿದ ದಬ್ಬೆಗಳನ್ನು ಹಾಸಿ ಅದರ ಮೇಲೆ ನಡೆಯುತ್ತಾರೆ. ದೊಡ್ಡಮ್ಮ ದಬ್ಬೆ ಬಿಟ್ಟು ಪಕ್ಕಕ್ಕೆ ಕಾಲಿಟ್ಟಿದ್ದಳು. ಯಾಕೆ? ಬಸಳೆ ಚಪ್ಪರದಿಂದ ಒಂದು ಬಳ್ಳಿ ಜೋತು ಬಿದ್ದಿತ್ತಂತೆ, ಎತ್ತಿ ಕಟ್ಟೋದಕ್ಕೆ! ಬಲಗೈ ಮಣಿಕಟ್ಟಿನ ಮೂಳೆ ಮುರಿದು ಪ್ಲಾಸ್ಟರ್ ಹಾಕಿದರು. ವಯಸ್ಸು ಎಪ್ಪತ್ತೆಂಟು. ದೊಡ್ಡಪ್ಪ ಇಲ್ಲ. ಒಬ್ಬನೇ ಮಗ, ಬೆಂಗಳೂರಿನಲ್ಲಿ ಕೆಲಸ. ಅವನು ಹತ್ತು ದಿನ ರಜೆ ಹಾಕಿ ನೋಡಿಕೊಂಡ. ಆಮೇಲೆ ನನಗೆ ಫೋನು ಮಾಡಿದ. "ಅಕ್ಕಾ, ನೀನು ಹೇಗೂ ರಿಟೈರ್ ಆಗಿದ್ದೀಯ. ಒಂದು ಹದಿನೈದು ದಿನ ಇದ್ದು ಬರ್ತೀಯಾ? ಅಮ್ಮನ್ನ ಇಲ್ಲಿಗೆ ಕರೆದರೆ ಹಿತ್ತಲು ಬಿಟ್ಟು ಬರೋದಿಲ್ಲ ಅಂತಾಳೆ."

ರಾತ್ರಿ ರೈಲು ಹತ್ತಿದೆ. ತಾಳಗುಪ್ಪದವರೆಗೆ ಹೋಗುವ ರೈಲು ಅದು; ಬೆಳಿಗ್ಗೆ ಕಣ್ಣು ಬಿಡುವಷ್ಟರಲ್ಲಿ ಸಾಗರ ಜಂಬಗಾರು ನಿಲ್ದಾಣ. ಸುರಿಯೋ ಮಳೆ. ಆಟೋ ಮಾಡಿಕೊಂಡು ಇಕ್ಕೇರಿ ದಾರಿ ಹಿಡಿದೆ. ಒಂದು ಕಾಲದಲ್ಲಿ ಕೆಳದಿಯ ಅರಸರಿಗೆ ರಾಜಧಾನಿಯಾಗಿದ್ದ ಊರು ಇಕ್ಕೇರಿ. ಅಲ್ಲಿನ ಅಘೋರೇಶ್ವರ ದೇವಸ್ಥಾನದ ಎದುರು ದೊಡ್ಡ ನಂದಿ ತನ್ನ ಮಂಟಪದಲ್ಲಿ ಬೆಚ್ಚಗೆ ಕೂತಿತ್ತು. ಅದಕ್ಕೆ ಕೂತಲ್ಲಿಂದಲೇ ಕೈಮುಗಿದು ಮುಂದೆ ಹೋದೆ. ಎರಡು ಕಡೆ ಗುಡ್ಡ, ನಡುವಿನ ಕಣಿವೆಯಲ್ಲಿ ಅಡಿಕೆ ತೋಟ, ತೋಟದ ಮೇಲ್ಗಡೆ ಮನೆ, ಮನೆಯ ಹಿಂದೆ ಹಿತ್ತಲು, ಅದರಾಚೆ ಸೊಪ್ಪಿನಬೆಟ್ಟ. ಆ ಕಡೆಯ ಹಳೆ ಮನೆಗಳೆಲ್ಲ ಹೆಚ್ಚುಕಮ್ಮಿ ಹೀಗೇ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೂ ಹಿತ್ತಲಿಗೂ, ಹಿತ್ತಲ ತರಕಾರಿ ಒಲೆಗೆ. ಪೇಟೆಗೆ ಹೋಗೋದು ಉಪ್ಪು, ಬೇಳೆ, ಸಕ್ಕರೆಗೆ ಮಾತ್ರ.

ಹಿತ್ತಲು ಅಂದರೆ ನೀವು ಸಾಲು ಸಾಲಾಗಿ ಮಡಿ ಮಾಡಿದ ತೋಟ ಅಂದುಕೊಳ್ಳಬೇಡಿ. ಬಚ್ಚಲು ನೀರು ಹರಿದು ಹೋಗುವ ದಾರಿಯಲ್ಲಿ ಕೆಸು ಮತ್ತು ಬಾಳೆ. ಬಚ್ಚಲ ಗೋಡೆಗೆ ತಾಗಿ ಬಸಳೆ ಚಪ್ಪರ. ದರೆಯ ಅಂಚಿನಲ್ಲಿ ಹೀರೆ, ಪಡವಲ, ಹಾಗಲ, ಸೌತೆ ಬಳ್ಳಿಗಳು. ತಗ್ಗಿನಲ್ಲಿ ತಾನೇ ಹಬ್ಬಿಕೊಂಡ ಒಂದೆಲಗ. ಕಲ್ಲುಕಟ್ಟೆಯ ಮೇಲೆ ದೊಡ್ಡಪತ್ರೆ. ನಡುವೆ ಎತ್ತರದ ಓಳಿ ಮಾಡಿ ಬೆಂಡೆ, ಹರಿವೆ, ಬದನೆ, ಅಲಸಂದೆ. ಯಾವುದೂ ಹೆಚ್ಚಿಲ್ಲ, ನಾಲ್ಕು ಗಿಡ, ಐದು ಬಳ್ಳಿ, ಅಷ್ಟೇ. ಆದರೆ ದಿನಾ ಒಂದೊಂದು ಸಿಗುತ್ತದೆ.

ಈಗ ನನ್ನ ಮೊದಲ ದಿನದ ಪ್ರತಾಪ ಹೇಳುತ್ತೇನೆ. ಮೂವತ್ತು ವರ್ಷ ಆಫೀಸು, ಮನೆ, ಮಕ್ಕಳು ಅಂತ ನಿಭಾಯಿಸಿದವಳು ನಾನು. ಅಡುಗೆ ಬರೋದಿಲ್ಲ ಅಂತ ಯಾರೂ ಅಂದಿಲ್ಲ. ದೊಡ್ಡಮ್ಮ ಹಿತ್ತಲಿನಿಂದ ಎರಡು ಎಳೆ ಹೀರೆಕಾಯಿ ಕೊಯ್ಯಿಸಿ ಕೊಟ್ಟಳು. ನಾನು ಸಿಪ್ಪೆಯೆಲ್ಲ ಹೆರೆದು ಬಿಸಾಡಿ, ಕುಕ್ಕರಿನಲ್ಲಿ ಬೇಳೆ ಜತೆ ಎರಡು ಕೂಗು ಕೂಗಿಸಿ, ಈರುಳ್ಳಿ, ಟೊಮ್ಯಾಟೊ, ಧನಿಯ, ಚಕ್ಕೆ, ಲವಂಗ, ಕಾಯಿ ಎಲ್ಲ ರುಬ್ಬಿ ಹಾಕಿ ಘಮಘಮ ಅನ್ನುವ ಕೂಟು ಮಾಡಿದೆ. ದೊಡ್ಡಮ್ಮ ಎಡಗೈಯಲ್ಲಿ ಚಮಚ ಹಿಡಿದು ಉಂಡಳು. ಏನೂ ಮಾತಿಲ್ಲ. ಕೊನೆಗೆ ಬಟ್ಟಲೊಳಗೆ ಇಣುಕಿ ನೋಡಿ ಕೇಳಿದಳು:

"ಎಲ್ಲ ಚೆನ್ನಾಗಿದೆ. ಹೀರೆಕಾಯಿ ಎಲ್ಲಿ ಹೋಯ್ತು ಕೂಸೇ?"

ನನಗೆ ಮೊದಲು ಸಿಟ್ಟು ಬಂತು, ನಿಜ ಹೇಳುತ್ತೇನೆ. ರಾತ್ರಿಯಿಡೀ ಪ್ರಯಾಣ ಮಾಡಿ ಬಂದು ಬೇಯಿಸಿ ಹಾಕಿದವಳಿಗೆ ಇದಾ ಮಾತು? ಆಮೇಲೆ ಬಟ್ಟಲು ತೊಳೆಯುವಾಗ ಯೋಚಿಸಿದೆ. ಬೆಂಗಳೂರಿನಲ್ಲಿ ನಾನು ಭಾನುವಾರ ತರಕಾರಿ ತಂದು ಫ್ರಿಜ್ಜಿಗೆ ತುಂಬುತ್ತಿದ್ದೆ. ಗುರುವಾರದ ಹೊತ್ತಿಗೆ ಹೀರೆಕಾಯಿ ಬೆಂಡಾಗಿರುತ್ತಿತ್ತು, ಬೀನ್ಸು ನಾರಾಗಿರುತ್ತಿತ್ತು. ಅದಕ್ಕೆ ಮಸಾಲೆ ಬೇಕಾಗಿತ್ತು. ಬಾಡಿದ ತರಕಾರಿಯ ಕೊರತೆ ಮುಚ್ಚುವುದಕ್ಕೆ ಕಲಿತ ಅಡುಗೆಯನ್ನು ಆಗತಾನೇ ಬಳ್ಳಿಯಿಂದ ಕೊಯ್ದ ಕಾಯಿಗೂ ಮಾಡಿದ್ದೆ! ತಪ್ಪು ಅಲ್ಲಿತ್ತು.

ಮಾರನೇ ದಿನದಿಂದ ದೊಡ್ಡಮ್ಮ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತಳು. ಬಾಯಿ ಅವಳದು, ಕೈ ನನ್ನದು. ಅಲ್ಲಿ ಕಲಿತದ್ದನ್ನು ನಿಮಗೂ ಹೇಳುತ್ತೇನೆ. ಎಲ್ಲವೂ ಹತ್ತು-ಹದಿನೈದು ನಿಮಿಷದ ಅಡುಗೆಗಳೇ, ಒಂದನ್ನು ಬಿಟ್ಟು.

ಹೀರೆಕಾಯಿ ಪಲ್ಯ, ಸಿಪ್ಪೆಯ ಚಟ್ನಿ

ಎಳೆ ಹೀರೆಕಾಯಿ ಎರಡು. ಮೊದಲು ತುದಿಯ ಒಂದು ಚೂರು ಬಾಯಿಗೆ ಹಾಕಿ ನೋಡಿ. ಹೀರೆ, ಸೋರೆ, ಸೌತೆ ಯಾವುದೇ ಆಗಲಿ, ಕಹಿ ಇದ್ದರೆ ಹಿಂದೆಮುಂದೆ ನೋಡದೆ ಎಸೆದುಬಿಡಿ. ಆ ಕಹಿ ಹೊಟ್ಟೆಗೆ ವಿಷ. ಸಿಹಿ ಇದ್ದರೆ ಮೇಲಿನ ಏಣುಗಳನ್ನಷ್ಟೇ ಹೆರೆದು ತೆಗೆದಿಡಿ, ಬಿಸಾಡಬೇಡಿ. ಕಾಯಿಯನ್ನು ಸ್ವಲ್ಪ ದಪ್ಪಗೆ ಹೆಚ್ಚಿ. ಬಾಣಲೆಯಲ್ಲಿ ಎರಡು ಚಮಚ ಕೊಬ್ಬರಿ ಎಣ್ಣೆ ಕಾಯಿಸಿ, ಸಾಸಿವೆ, ಉದ್ದಿನಬೇಳೆ, ಒಂದು ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಮಾಡಿ ಹೋಳು ಹಾಕಿ. ನೀರು ಹಾಕಬೇಡಿ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬಿಡಿ, ತನ್ನ ನೀರಿನಲ್ಲಿ ತಾನೇ ಬೇಯುತ್ತದೆ. ಹೋಳು ಕುಗ್ಗಿದ ಮೇಲೆ ಉಪ್ಪು ಹಾಕಿ. ಮೊದಲೇ ಹಾಕಿದರೆ ಬಾಣಲೆ ತುಂಬಾ ಕಂಡ ಕಾಯಿಗೆ ಅಳತೆ ಮಾಡಿ ಹಾಕಿ, ಕೊನೆಗೆ ಉಪ್ಪು ಜಾಸ್ತಿಯಾಗುತ್ತದೆ. ಸೊಪ್ಪಿಗೂ ಇದೇ ಮಾತು. ಮೇಲೆ ಎರಡು ಚಮಚ ತೆಂಗಿನತುರಿ. ಮುಗೀತು.

ಹೆರೆದಿಟ್ಟ ಏಣುಗಳನ್ನು ಒಂದು ಚಮಚ ಎಣ್ಣೆಯಲ್ಲಿ ಬಾಡಿಸಿ. ಜತೆಗೆ ಒಂದು ಚಮಚ ಉದ್ದಿನಬೇಳೆ, ಎರಡು ಮೂರು ಬ್ಯಾಡಗಿ ಮೆಣಸಿನಕಾಯಿ ಹುರಿದು, ಒಂದು ಹಿಡಿ ಕಾಯಿತುರಿ, ಚೂರು ಹುಣಸೆಹಣ್ಣು, ಚೂರು ಬೆಲ್ಲ, ಉಪ್ಪು ಸೇರಿಸಿ ತರಿತರಿಯಾಗಿ ರುಬ್ಬಿ. ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪದ ಜತೆ ಕಲಸಿಕೊಂಡರೆ, ಮೊದಲ ದಿನ ಸಿಪ್ಪೆ ಬಿಸಾಡಿದ್ದಕ್ಕೆ ನನಗಾದ ಪಶ್ಚಾತ್ತಾಪ ನಿಮಗೂ ಆದೀತು.

ಒಂದೆಲಗದ ತಂಬುಳಿ

ಇದಕ್ಕೆ ಒಲೆ ಹಚ್ಚುವ ಕೆಲಸವೇ ಕಡಿಮೆ. ಒಂದು ಹಿಡಿ ಒಂದೆಲಗವನ್ನು ಮಣ್ಣು ಹೋಗುವ ಹಾಗೆ ಮೂರು ನಾಲ್ಕು ನೀರಿನಲ್ಲಿ ತೊಳೆಯಿರಿ. ಅರ್ಧ ಚಮಚ ಜೀರಿಗೆ, ಆರೇಳು ಕಾಳುಮೆಣಸನ್ನು ಕಾಲು ಚಮಚ ತುಪ್ಪದಲ್ಲಿ ಹುರಿಯಿರಿ. ಇದನ್ನು ಕಾಲು ಕಪ್ ಕಾಯಿತುರಿ ಮತ್ತು ಹಸಿ ಒಂದೆಲಗದ ಜತೆ ನುಣ್ಣಗೆ ರುಬ್ಬಿ, ಒಂದೂವರೆ ಲೋಟ ಹುಳಿಯಿಲ್ಲದ ಮಜ್ಜಿಗೆಗೆ ಕದಡಿ, ಉಪ್ಪು ಹಾಕಿ. ತುಪ್ಪದಲ್ಲಿ ಜೀರಿಗೆ, ಒಣಮೆಣಸಿನಕಾಯಿ ಒಗ್ಗರಣೆ. ತಂಬುಳಿಯನ್ನು ಕುದಿಸಬಾರದು. ಊಟದಲ್ಲಿ ಮೊದಲು ಅನ್ನಕ್ಕೆ ಹಾಕಿಕೊಳ್ಳುವುದು, ಉಳಿದದ್ದನ್ನು ಲೋಟದಲ್ಲಿ ಕುಡಿಯುವುದು. ದೊಡ್ಡಪತ್ರೆಯದ್ದೂ ಹೀಗೇ, ಆದರೆ ಎಲೆ ದಪ್ಪ, ಘಾಟು. ಅದನ್ನು ತುಪ್ಪದಲ್ಲಿ ಬಾಡಿಸಿಯೇ ರುಬ್ಬಬೇಕು.

ಈ ತಂಬುಳಿಯ ಮೊದಲ ತುತ್ತು ಬಾಯಿಗಿಟ್ಟಾಗ ನನಗೆ ಅಮ್ಮನ ನೆನಪಾಗಿ ಗಂಟಲು ಕಟ್ಟಿತು. ಅಮ್ಮ ಇದೇ ಮನೆಯಲ್ಲಿ ಅಕ್ಕನ ಬಾಣಂತನಕ್ಕೆ ಬಂದು ತಿಂಗಳುಗಟ್ಟಲೆ ಇದ್ದವಳು. ಬೆಂಗಳೂರಿನ ನಮ್ಮ ಬಾಡಿಗೆ ಮನೆಯ ಕಾಂಪೌಂಡಿನ ಸಂದಿಯಲ್ಲೂ ಒಂದೆಲಗ ಬೆಳೆಸಿದ್ದಳು. 'ನಿಂತು ನೋಡೇ, ಕಲಿ' ಅನ್ನುತ್ತಿದ್ದಳು. ನಾನು ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಡಬ್ಬಿ ಎತ್ತಿಕೊಂಡು ಓಡುತ್ತಿದ್ದೆ. ಅಮ್ಮ ಹೋಗಿ ಆಗ ಹನ್ನೊಂದು ವರ್ಷವಾಗಿತ್ತು. ದೊಡ್ಡಮ್ಮ ನನ್ನ ಮುಖ ನೋಡಿ ಏನೂ ಕೇಳಲಿಲ್ಲ. ಇನ್ನೊಂದು ಸೌಟು ಬಡಿಸಿಕೋ ಅಂತ ಎಡಗೈಯಲ್ಲೇ ಸನ್ನೆ ಮಾಡಿದಳು.

ಬೆಂಡೆಕಾಯಿ ಸಾಸಿವೆ

ಬೆಂಡೆಕಾಯಿಯನ್ನು ಬೆಳಿಗ್ಗೆ ಕೊಯ್ಯಬೇಕು. ತುದಿ ಮುರಿದರೆ 'ಟಕ್' ಅನ್ನಬೇಕು. ಬಾಗಿದರೆ ಬಲಿತಿದೆ ಅಂತ ಅರ್ಥ. ಹೆಚ್ಚುವ ಮೊದಲೇ ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಹೆಚ್ಚಿದ ಮೇಲೆ ತೊಳೆದಿರೋ, ಲೋಳೆಯ ಜತೆ ನೀವೇ ಒದ್ದಾಡಬೇಕು. ಅಗಲ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಹಾಕಿ, ಹೋಳುಗಳನ್ನು ಹರಡಿ, ಮುಚ್ಚಳ ಮುಚ್ಚದೆ ಏಳೆಂಟು ನಿಮಿಷ ಹುರಿಯಿರಿ. ಒಂದು ಚಮಚ ಹುಳಿಮಜ್ಜಿಗೆ ಚಿಮುಕಿಸಿದರೆ ಲೋಳೆ ಅಡಗುತ್ತದೆ. ಉಪ್ಪು ಕೊನೆಗೆ. ಇದನ್ನು ಹಾಗೇ ತಿನ್ನಬಹುದು. ಸಾಸಿವೆ ಮಾಡಬೇಕಾದರೆ ಅರ್ಧ ಕಪ್ ಕಾಯಿತುರಿ, ಅರ್ಧ ಚಮಚ ಸಾಸಿವೆ, ಒಂದು ಹಸಿಮೆಣಸಿನಕಾಯಿ ನುಣ್ಣಗೆ ರುಬ್ಬಿ, ಒಂದು ಕಪ್ ಗಟ್ಟಿ ಮೊಸರಿಗೆ ಬೆರೆಸಿ. ಬಡಿಸುವ ಹೊತ್ತಿಗೆ ಹುರಿದ ಬೆಂಡೆ ಸೇರಿಸಿ. ಎಳೆ ಸೌತೆಕಾಯಿಯನ್ನು ಕೊಚ್ಚಿ ಹಸಿಯಾಗಿಯೇ ಹೀಗೆ ಮಾಡಬಹುದು.

ಹರಿವೆ ಪಲ್ಯ, ಮೊಗೆಕಾಯಿ ಬೋಳುಹುಳಿ

ಹರಿವೆ ಸೊಪ್ಪಿಗೂ ನೀರು ಬೇಡ. ತೊಳೆದಾಗ ಅಂಟಿಕೊಂಡ ನೀರೇ ಸಾಕು. ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿಯ ಒಗ್ಗರಣೆಗೆ ಹೆಚ್ಚಿದ ಸೊಪ್ಪು ಹಾಕಿ, ಮುಚ್ಚಳ ತೆಗೆದೇ ನಾಲ್ಕೈದು ನಿಮಿಷ ಬಾಡಿಸಿ, ಉಪ್ಪು, ಕಾಯಿತುರಿ ಹಾಕಿ ಇಳಿಸಿ. ಮುಚ್ಚಿ ಬೇಯಿಸಿದರೆ ಹಸಿರು ಸೊಪ್ಪು ಮಂಕಾಗುತ್ತದೆ. ಸೊಪ್ಪಿನೊಳಗಿನ ಹುಳಿ ಆವಿಯಾಗಿ ಹೊರಗೆ ಹೋಗುವುದಕ್ಕೆ ದಾರಿ ಇರಬೇಕು. ಎಣ್ಣೆ ಪೂರ್ತಿ ಬಿಡಬೇಡಿ. ಸೊಪ್ಪಿನಲ್ಲಿರುವ ಎ ಜೀವಸತ್ವದ ಅಂಶ ಮೈಗೆ ಹತ್ತಬೇಕಾದರೆ ಚೂರು ಜಿಡ್ಡು ಬೇಕು. ದಂಟನ್ನು ನಾರು ತೆಗೆದು ಹುಳಿಗೆ ಎತ್ತಿಡಿ.

ಮೊಗೆಕಾಯಿ ಅಂದರೆ ಕರಾವಳಿಯವರು ಮಂಗಳೂರು ಸೌತೆ ಅನ್ನುತ್ತಾರಲ್ಲ, ಅದೇ ಬಳಗ. ದೊಡ್ಡಮ್ಮನ ಅಟ್ಟದ ಜಂತಿಗೆ ಬಾಳೆನಾರಿನಲ್ಲಿ ಕಟ್ಟಿ ನೇತುಹಾಕಿದ್ದ ಹಿಂದಿನ ಬೆಳೆಯ ಮೊಗೆಕಾಯಿಗಳು ಇನ್ನೂ ನಾಲ್ಕು ಉಳಿದಿದ್ದವು! ಒಂದಕ್ಕೊಂದು ತಾಗದ ಹಾಗೆ ಕಟ್ಟಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಫ್ರಿಜ್ಜು ಬರುವ ಮೊದಲಿನ ಫ್ರಿಜ್ಜು ಅದು. ಅರ್ಧ ಕಪ್ ತೊಗರಿಬೇಳೆಯನ್ನು ಚಿಟಿಕೆ ಅರಿಸಿನ ಹಾಕಿ ಬೇಯಿಸಿ. ಬೇರೆ ಪಾತ್ರೆಯಲ್ಲಿ ಮೊಗೆಕಾಯಿ ಹೋಳು, ಹರಿವೆ ದಂಟು, ಸೀಳಿದ ಮೂರು ಹಸಿಮೆಣಸಿನಕಾಯಿ, ಉಪ್ಪು, ಹೋಳು ಮುಳುಗುವುದಕ್ಕಿಂತ ಕಡಿಮೆ ನೀರು. ಹೋಳು ಮೆತ್ತಗಾದ ಮೇಲೆ ಹುಣಸೆರಸ ಹಾಕಿ. ನೆನಪಿಡಿ, ಹುಳಿ ಬಿದ್ದ ಮೇಲೆ ತರಕಾರಿ ಬೇಯುವುದು ತಡ. ಬೇಳೆ ಸೇರಿಸಿ ಒಂದು ಕುದಿ ಬರಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಕಾಯಿ ಇಲ್ಲ, ಪುಡಿ ಇಲ್ಲ. ಅದಕ್ಕೇ ಅದು ಬೋಳುಹುಳಿ. ಬಸಳೆಯ ಎಳೆ ಕುಡಿಯನ್ನೂ ಹೀಗೇ ಮಾಡಬಹುದು.

ಕೆಸುವಿನ ಕರಕಲಿ

ಇದೊಂದೇ ನಿಧಾನದ ಅಡುಗೆ. ನಾನು ಎಲ್ಲದರಲ್ಲೂ 'ಐದು ನಿಮಿಷ' ಅಂತ ಕಲಿತ ಹುರುಪಿನಲ್ಲಿ ಕೆಸುವನ್ನೂ ಬೇಗ ಇಳಿಸಲು ಹೋದೆ. ದೊಡ್ಡಮ್ಮ ಪ್ಲಾಸ್ಟರ್ ಕೈಯನ್ನೇ ಅಡ್ಡ ಹಿಡಿದಳು. "ಅದರ ಹತ್ರ ಮಾತ್ರ ಅವಸರ ಮಾಡಬೇಡ ಮಾರಾಯ್ತಿ. ಗಂಟಲು ಹಿಡೀತದೆ." ಕೆಸುವಿನಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿರುತ್ತವೆ, ತುರಿಕೆ ಅದರಿಂದ. ಚೆನ್ನಾಗಿ ಬೇಯಬೇಕು, ಹುಳಿ ಧಾರಾಳವಾಗಿರಬೇಕು. ಹತ್ತು ಎಳೆ ಕರಿಕೆಸುವಿನ ಎಲೆಯ ನಾರು ತೆಗೆದು, ಸಣ್ಣಗೆ ಹೆಚ್ಚಿ, ದೊಡ್ಡ ನಿಂಬೆಗಾತ್ರದ ಹುಣಸೆಹಣ್ಣಿನ ರಸ, ನಾಲ್ಕೈದು ಹಸಿಮೆಣಸಿನಕಾಯಿ, ನೀರು ಹಾಕಿ ಮುಕ್ಕಾಲು ಗಂಟೆ ಕುದಿಸಿ. ಎಲೆ ಕರಗಿ ಮುದ್ದೆಯಾಗಬೇಕು. ಅಲ್ಲಿಯವರು ಹುಣಸೆಯ ಬದಲು ವಾಟೆಹುಳಿಯನ್ನೂ ಹಾಕುತ್ತಾರೆ. ಉಪ್ಪು, ಚೂರು ಬೆಲ್ಲ ಹಾಕಿ ಕಡೆದು, ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಕೆಂಪಗೆ ಹುರಿದ ಬೆಳ್ಳುಳ್ಳಿ. ಹೊರಗೆ ಮಳೆ ಹೊಯ್ಯುತ್ತಿರುವಾಗ ಬಿಸಿ ಅನ್ನಕ್ಕೆ ಇದು ಬಿದ್ದರೆ ಬೇರೆ ಪಲ್ಯ ಯಾಕೆ?

ಇಷ್ಟೆಲ್ಲ ಓದಿ 'ಎಷ್ಟು ಪುಣ್ಯವಂತರು, ಹಿತ್ತಲು ಇದೆ, ಕೊಯ್ಯೋದು, ತಿನ್ನೋದು' ಅನ್ನಿಸಿರಬಹುದು. ಅದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಸುಳ್ಳಾಗುತ್ತದೆ. ಎಂಟನೇ ದಿನ ಬೆಳಿಗ್ಗೆ ಮಂಗಗಳು ಬಂದವು. ಇಪ್ಪತ್ತೋ ಮೂವತ್ತೋ. ದೊಡ್ಡಮ್ಮ ಎಡಗೈಯಲ್ಲಿ ಡಬ್ಬ ಬಡಿದಳು, ನಾನು ಕೋಲು ಹಿಡಿದು ದಬ್ಬೆಯ ಮೇಲೆ ಹೆದರಿ ಹೆದರಿ ಓಡಿದೆ. ಕಾಲು ಗಂಟೆಯಲ್ಲಿ ಹೀರೆ ಬಳ್ಳಿ ಬರಿದಾಯಿತು. ಸೌತೆ ಮಿಡಿಗಳನ್ನು ಒಂದೊಂದು ಕಚ್ಚಿ ಬಿಸಾಡಿದ್ದವು. ನನಗೆ ಅಳು ಬರುವ ಹಾಗಾಯಿತು. ದೊಡ್ಡಮ್ಮ ಬಿದ್ದದ್ದನ್ನು ಆರಿಸುತ್ತ ಅಂದಳು, "ಅವಕ್ಕೂ ಗೊತ್ತು, ಯಾವುದು ಎಳೇದು ಅಂತ." ಮಲೆನಾಡಿನಲ್ಲಿ ಎಷ್ಟೋ ಮನೆಯವರು ಮಂಗಗಳ ಕಾಟಕ್ಕೆ ಬೇಸತ್ತು ತರಕಾರಿ ಬೆಳೆಯುವುದನ್ನೇ ಬಿಟ್ಟಿದ್ದಾರೆ. ಹಿತ್ತಲಿರುವ ಮನೆಗೇ ಪೇಟೆಯಿಂದ ತರಕಾರಿ ಚೀಲ ಬರುತ್ತದೆ.

ಆ ಭಾನುವಾರ ದೊಡ್ಡಮ್ಮನ ಮಗ ಬಂದ. ಊಟಕ್ಕೆ ತಂಬುಳಿ, ಬೆಂಡೆ ಸಾಸಿವೆ, ಬೋಳುಹುಳಿ ಮಾಡಿದ್ದೆವು. ಎಲ್ಲವನ್ನೂ ಎರಡೆರಡು ಸಲ ಹಾಕಿಸಿಕೊಂಡ. ಉಂಡು ಕೈ ತೊಳೆದು ಜಗಲಿಯ ಮೇಲೆ ಕೂತವನು ನಿಧಾನವಾಗಿ ಮಾತು ತೆಗೆದ. "ಅಮ್ಮಾ, ಪ್ಲಾಸ್ಟರ್ ತೆಗೆದ ಮೇಲೆ ನನ್ನ ಜತೆ ಬಂದುಬಿಡು. ರೂಮು ಖಾಲಿ ಮಾಡಿಸಿದ್ದೇನೆ. ಈ ಸಲ ಕೈ ಮುರೀತು. ಮುಂದಿನ ಸಲ ಸೊಂಟ ಮುರಿದರೆ ಯಾರಿದ್ದಾರೆ ಇಲ್ಲಿ?"

ಅವನು ಹೇಳಿದ್ದರಲ್ಲಿ ತಪ್ಪೇನಿದೆ, ಹೇಳಿ? ನಾನು ಅವನ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. ದೊಡ್ಡಮ್ಮನೂ ವಾದ ಮಾಡಲಿಲ್ಲ. ಎದ್ದು ಒಳಗೆ ಹೋಗಿ ಒಂದು ಒಣಗಿದ ಸೋರೆಬುರುಡೆ ತಂದು ನನ್ನ ಮಡಿಲಿಗಿಟ್ಟಳು. ಒಳಗೆ ಬೂದಿ ಬೆರೆಸಿ ಬಟ್ಟೆಯಲ್ಲಿ ಕಟ್ಟಿದ ಸಣ್ಣ ಸಣ್ಣ ಗಂಟುಗಳು: ಹೀರೆ, ಹಾಗಲ, ಬಿಳಿ ಬೆಂಡೆ, ಕೆಂಪು ಹರಿವೆ, ಮೊಗೆ. "ಇದು ನನ್ನ ಅತ್ತೆ ಕೊಟ್ಟ ಬೀಜ. ವರ್ಷಾ ವರ್ಷಾ ಬಿತ್ತಿ ಉಳಿಸಿಕೊಂಡು ಬಂದದ್ದು. ಬರ್ತೇನೆ ಅಂತ ಹೇಳು ಅವನಿಗೆ. ಇದನ್ನು ಎಲ್ಲಿ ಬಿತ್ತೋದು ಅಂತಲೂ ಹೇಳಲಿ."

ಮಗ ತಲೆ ತಗ್ಗಿಸಿ ಕೂತ. ಆ ರಾತ್ರಿ ಯಾರೂ ಮತ್ತೆ ಆ ಮಾತು ಎತ್ತಲಿಲ್ಲ.

ಬೆಳಿಗ್ಗೆ ಚಹಾ ಕುಡಿಯುವಾಗ ಮೂವರೂ ಕೂತು ಒಂದು ದಾರಿ ಮಾಡಿದೆವು. ಬಚ್ಚಲ ಹತ್ತಿರದ ನಾಲ್ಕು ಓಳಿ ಮತ್ತು ಬಸಳೆ ಚಪ್ಪರ ದೊಡ್ಡಮ್ಮನಿಗೆ. ಬಗ್ಗಿ ಅಗೆಯುವ ಕೆಲಸ ಅವಳು ಮಾಡಕೂಡದು. ದರೆಯ ಕಡೆಯ ಭಾಗವನ್ನು ಮನೆಗೆಲಸಕ್ಕೆ ಬರುವಾಕೆ ಮಾಡುವುದು, ಬೆಳೆದದ್ದರಲ್ಲಿ ಅರ್ಧ ಆಕೆಗೆ. ಅಂಗಳಕ್ಕೂ ಹಿತ್ತಲ ದಾರಿಗೂ ಒರಟು ಕಲ್ಲು ಹಾಸಿಸಿ, ಪಕ್ಕದಲ್ಲಿ ಹಿಡಿದುಕೊಳ್ಳುವುದಕ್ಕೆ ಕಂಬಿ ಹಾಕಿಸುವುದು ಮಗನ ಪಾಲು. ಓಳಿಗಳ ಮೇಲೆ ಬಲೆ ಕಟ್ಟಿಸುವ ಖರ್ಚು ನನ್ನದು ಅಂತ ನಾನೇ ಹೇಳಿದೆ. ಒಂದು ವರ್ಷ ನೋಡೋಣ, ಆಮೇಲಿನ ಮಾತು ಆಮೇಲೆ. ದೊಡ್ಡಮ್ಮ ಒಪ್ಪಿದಳು. ಮಗ ಪೂರ್ತಿ ಒಪ್ಪಿದನೋ ಇಲ್ಲವೋ, ಹೊರಡುವಾಗ ಚೀಲಕ್ಕೆ ಎರಡು ಮೊಗೆಕಾಯಿ ಹಾಕಿಕೊಂಡು ಹೋದ.

ಸೆಪ್ಟೆಂಬರಿನಲ್ಲಿ ಪ್ಲಾಸ್ಟರ್ ತೆಗೆದರು. ಕೈಗೆ ಮೊದಲಿನ ಹಿಡಿತ ಬರಲಿಲ್ಲ. ಕಾಯಿ ತುರಿಯುವುದು ಆಗುವುದಿಲ್ಲ ಅಂತಾಳೆ. ಬಲೆಯನ್ನು ಮಂಗಗಳು ಎರಡು ಕಡೆ ಹರಿದವು, ಮತ್ತೆ ಹೊಲಿಸಿದ್ದಾಯಿತು. ಆದರೂ ಒಂದು ವರ್ಷ ಅಂದದ್ದು ದಾಟಿ ಹೋಯಿತು, ಬೀಜದ ಗಂಟು ಖಾಲಿಯಾಗಿಲ್ಲ. ಭಾನುವಾರ ಫೋನು ಮಾಡಿದರೆ 'ಹೇಗಿದ್ದೀ' ಅಂತ ನಾನು ಕೇಳುವುದಿಲ್ಲ. 'ಇವತ್ತು ಏನು ಕೊಯ್ದೆ' ಅಂತ ಕೇಳುತ್ತೇನೆ. ಆ ಉತ್ತರದಲ್ಲೇ ಅವಳು ಹೇಗಿದ್ದಾಳೆ ಅನ್ನುವುದು ಗೊತ್ತಾಗುತ್ತದೆ.

ಈಗ ಹಿತ್ತಲಿಲ್ಲದ ನಮ್ಮಂಥವರ ಮಾತಿಗೆ ಬರೋಣ. ನನ್ನ ಬೆಂಗಳೂರಿನ ಮನೆಗೆ ಇರುವುದು ಎಂಟು ಅಡಿಯ ಬಾಲ್ಕನಿ. ದೊಡ್ಡಮ್ಮ ಒದ್ದೆ ಬಟ್ಟೆ ಸುತ್ತಿ ಕೊಟ್ಟ ಬಸಳೆಯ ಕಡ್ಡಿ, ದೊಡ್ಡಪತ್ರೆಯ ಕೊಂಬೆ, ಬೇರಿನ ಸಮೇತ ಒಂದೆಲಗ, ಮೂರೂ ಕುಂಡದಲ್ಲಿ ಹಿಡಿದುಕೊಂಡವು. ಬಸಳೆಗೂ ದೊಡ್ಡಪತ್ರೆಗೂ ಬೀಜವೇ ಬೇಡ. ಒಂದು ಗೇಣು ಕಡ್ಡಿ ಚುಚ್ಚಿದರೆ ಸಾಕು. ಒಂದೆಲಗಕ್ಕೆ ನೆರಳಿದ್ದರೂ ನಡೆಯುತ್ತದೆ, ತೇವ ಆರಬಾರದು. ಕೈತೋಟ ಮಾಡುವಷ್ಟು ಜಾಗ ಇರುವವರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ತಳಿಗಳನ್ನು ವಿಚಾರಿಸಿ. ಬೆಂಡೆಯಲ್ಲಿ ಅವರ ಅರ್ಕಾ ಅನಾಮಿಕ ಹೆಸರಾದ ತಳಿ. ನಾಟಿ ಬೀಜದ ಹುಚ್ಚಿರುವವರು ಶಿರಸಿಯ 'ವನಸ್ತ್ರೀ' ಮಹಿಳೆಯರ ಹೆಸರು ಕೇಳಿರಬಹುದು. ಹಿತ್ತಲ ಬೀಜಗಳನ್ನು ಉಳಿಸಿ ಕೈಯಿಂದ ಕೈಗೆ ಹಂಚುವ ಕೆಲಸ ಅವರದು.

ಕುಂಡ ಇಡುವುದಕ್ಕೂ ಜಾಗವಿಲ್ಲವೇ? ಆದರೂ ದೊಡ್ಡಮ್ಮನ ಪಾಠ ನಿಮಗೆ ಸಲ್ಲುತ್ತದೆ. ವಾರಕ್ಕೆ ಒಂದೇ ಸಲ ಚೀಲ ತುಂಬಿಸುವ ಬದಲು ಎರಡು ಸಲ ಸ್ವಲ್ಪ ಸ್ವಲ್ಪ ತನ್ನಿ. ತಂದ ದಿನವೇ ಸೊಪ್ಪು, ಬೆಂಡೆ, ಹೀರೆ ಮಾಡಿ. ಕುಂಬಳ, ಗೆಡ್ಡೆ ಕಾಯುತ್ತವೆ. ತೊಳೆದು ಹೆಚ್ಚಿ, ಹೆಚ್ಚಿ ತೊಳೆಯಬೇಡಿ. ಒಲೆ ಹಚ್ಚುವ ಮುಂಚೆ ಹೆಚ್ಚಿ, ಹಿಂದಿನ ರಾತ್ರಿ ಬೇಡ. ಸಿ ಜೀವಸತ್ವ ನೀರಿಗೂ ಬಿಸಿಗೂ ಬೇಗ ಸೋಲುತ್ತದೆ, ಆದ್ದರಿಂದ ನೀರು ಕಡಿಮೆ, ಹೊತ್ತು ಕಡಿಮೆ. ಬೇಯಿಸಿದ ನೀರು ಮಿಕ್ಕರೆ ಚೆಲ್ಲದೆ ಸಾರಿಗೆ ಹಾಕಿ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳೇ, ಬೆಳಿಗ್ಗೆಯ ಗಡಿಬಿಡಿ ನನಗೆ ಗೊತ್ತಿಲ್ಲದ್ದಲ್ಲ. ಮಸಾಲೆ ರುಬ್ಬುವ ಹೊತ್ತಿನಲ್ಲಿ ಈ ಪಲ್ಯ ಆಗಿಹೋಗುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ಮನೆಯಲ್ಲಿ ಅಮ್ಮನೋ ಅತ್ತೆಯೋ ದೊಡ್ಡಮ್ಮನೋ ಒಲೆಯ ಮುಂದೆ ನಿಂತಿದ್ದರೆ, ಒಂದು ದಿನ ಬಸ್ಸು ತಪ್ಪಿದರೂ ಚಿಂತೆಯಿಲ್ಲ, ಪಕ್ಕದಲ್ಲಿ ನಿಂತು ನೋಡಿ. ನಾಳೆ ಊಟಕ್ಕೆ ಎಳೆ ಹೀರೆಕಾಯಿ ತಂದು ಮೇಲೆ ಹೇಳಿದ ಹಾಗೆ ಮಾಡಿ. ಯಾರೂ 'ಹೀರೆಕಾಯಿ ಎಲ್ಲಿ ಹೋಯ್ತು' ಅಂತ ಕೇಳದಿದ್ದರೆ, ದೊಡ್ಡಮ್ಮನ ಕೈಲಿ ನೀವೂ ಪಾಸಾದಿರಿ ಅಂತ ತಿಳಿಯಿರಿ.